ನೀಲಗಿರಿಯ ಏರು, ಕಲ್ಯಾಣದ ನಕ್ಷೆ

ನಮ್ಮ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಒಂದು ದೇವಾಲಯವಿದೆ. ಅದರ ಹೊರಗೋಡೆಯ ಮದನಿಕೆಯರಲ್ಲಿ ಒಬ್ಬಳು ಕನ್ನಡಿ ಹಿಡಿದಿಲ್ಲ, ಗೆಜ್ಜೆ ಕಟ್ಟುತ್ತಿಲ್ಲ. ನಮಗೆ ಬೆನ್ನು ಮಾಡಿ ನಿಂತು ಶಾಸನ ಬರೆಯುತ್ತಿದ್ದಾಳೆ. ಅವಳ ಕೈಬೆರಳ ತುದಿಯಲ್ಲಿರುವ ಚಿಕ್ಕ ಸಂಸ್ಕೃತ ಬರಹದ ತಾತ್ಪರ್ಯವೆಂದರೆ, ಏಳು ದ್ವೀಪಗಳ ಭೂಮಿಯೆಲ್ಲ ಚಾಲುಕ್ಯ ವಿಕ್ರಮಾದಿತ್ಯನಿಗೆ ಸಲ್ಲತಕ್ಕದ್ದು. ಊರಿನ ಹುಡುಗರು ಅವಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬರೆದದ್ದನ್ನು ಓದುವವರು ಕಡಿಮೆ.

ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಶಕವರ್ಷವನ್ನು ಬದಿಗಿಟ್ಟು ತನ್ನದೇ ಹೆಸರಿನ ವರ್ಷಗಣನೆಯನ್ನು ಶುರುಮಾಡಿದ ದೊರೆ. ಶಾಲೆಯ ಪಠ್ಯದಲ್ಲಿ ಅವನ ರಾಜ್ಯದ ನಕ್ಷೆ ನೀವೂ ನೋಡಿರುತ್ತೀರಿ. ಮೇಲೆ ನರ್ಮದೆಯ ಹತ್ತಿರದಿಂದ ಕೆಳಗೆ ಮೈಸೂರು ಸೀಮೆಯವರೆಗೆ ಒಂದೇ ಬಣ್ಣ, ನಡುವೆ ಒಂದು ಚುಕ್ಕೆ, ಚುಕ್ಕೆಯ ಪಕ್ಕ ‘ಕಲ್ಯಾಣ’ ಎಂಬ ಅಕ್ಷರ. ಆ ಚುಕ್ಕೆ ನಮ್ಮೂರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ ಅನ್ನುವ ಹೆಮ್ಮೆ ನಮಗೆ ಇದ್ದೇ ಇತ್ತು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ‘ಕಲ್ಯಾಣ ಕರ್ನಾಟಕ’ ಎಂದು ಹೆಸರಿಟ್ಟ ಮೇಲೆ ಆ ಹೆಮ್ಮೆ ಇನ್ನಷ್ಟು ಗಟ್ಟಿಯಾಯಿತು.

ನನ್ನ ಪಿಎಚ್‌.ಡಿ. ವಿಷಯ ಈ ಕಾಲದ ದಾರಿಗಳು. ರಾಜರಲ್ಲ, ಯುದ್ಧಗಳಲ್ಲ, ದಾರಿಗಳು. ಹಳಗನ್ನಡದಲ್ಲಿ ‘ಬಟ್ಟೆ’ ಎಂದರೆ ದಾರಿ. ದತ್ತಿ ಕೊಟ್ಟ ಹೊಲದ ಎಲ್ಲೆ ಹೇಳುವಾಗ ಶಾಸನಗಳು ಮೂಡಲ ಬಟ್ಟೆ, ಹೆಬ್ಬಟ್ಟೆ ಎಂದು ದಾರಿಗಳನ್ನು ಎಣಿಸುತ್ತವೆ. ಪೆರ್ಜುಂಕ, ವಡ್ಡರಾವುಳ ಮುಂತಾದ ತೆರಿಗೆಗಳ ಮಾತು ಬಂದಾಗ ಎತ್ತಿನ ಹೇರು, ಕತ್ತೆಯ ಹೇರು, ತಲೆಹೊರೆ ಎಂಬ ಲೆಕ್ಕ ಬರುತ್ತದೆ. ಅಂದರೆ ಆ ಕಾಲದವರಿಗೆ ದೂರ ಎನ್ನುವುದು ಗೆರೆ ಅಲ್ಲ, ಭಾರ. ಯಾವ ಪ್ರಾಣಿ ಎಷ್ಟು ಹೊತ್ತು ಎಷ್ಟು ದಿನ ನಡೆಯಬಲ್ಲದು ಎನ್ನುವುದೇ ದೂರ. ನಕ್ಷೆಯ ಬಣ್ಣ ಇದನ್ನು ಹೇಳುವುದಿಲ್ಲ.

ಬಸವಕಲ್ಯಾಣದಿಂದ ನೇರ ದಕ್ಷಿಣಕ್ಕೆ ಒಂದು ದಾರ ಎಳೆದರೆ ಅದು ಹೆಚ್ಚುಕಡಿಮೆ ಚಾಮರಾಜನಗರಕ್ಕೆ ಬಂದು ತಾಗುತ್ತದೆ. ಎರಡೂ ಊರು ಬಹುತೇಕ ಒಂದೇ ರೇಖಾಂಶದಲ್ಲಿವೆ. ನಡುವೆ ಹಕ್ಕಿ ಹಾರಿದಂತೆ ಸುಮಾರು 660 ಕಿಲೋಮೀಟರ್. ಆ ದಾರ ಭೀಮೆ, ಕೃಷ್ಣೆ, ತುಂಗಭದ್ರೆ, ಕಾವೇರಿಗಳನ್ನು ದಾಟುತ್ತದೆ. ಹೇರೆತ್ತು ದಿನಕ್ಕೆ ಹದಿನೈದರಿಂದ ಇಪ್ಪತ್ತು ಕಿಲೋಮೀಟರ್ ನಡೆಯುತ್ತದೆ ಎಂದಿಟ್ಟುಕೊಂಡರೂ ಒಂದು ತಿಂಗಳಿಗೆ ಕಡಿಮೆಯಿಲ್ಲ. ಮಳೆಗಾಲದಲ್ಲಿ ಹೊಳೆ ಇಳಿಯುವವರೆಗೆ ದಡದಲ್ಲೇ ಬಿಡಾರ. ಕಲ್ಯಾಣದಲ್ಲಿ ಕೂತ ಅರಸನಿಗೆ ದಕ್ಷಿಣದ ಸುದ್ದಿ ಬಂದು ಮುಟ್ಟುವ ಹೊತ್ತಿಗೆ ಅದು ಹಳೆಯ ಸುದ್ದಿ.

ಈ ದಾರದ ತೆಂಕಣ ತುದಿಯಲ್ಲಿ ನನಗೆ ಬೇಕಾದ ಒಂದು ಶಾಸನವಿದೆ. ಚಾಮರಾಜನಗರಕ್ಕೆ ಆ ಹೆಸರು ಬಂದದ್ದು 1818ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರೆಂದು ಇಟ್ಟದ್ದು. ಅದಕ್ಕೂ ಮುಂಚೆ ಅದು ಅರಿಕುಠಾರ. ಅಲ್ಲಿಯ ಪಾರ್ಶ್ವನಾಥ ಬಸದಿಯ 1117ರ ಶಾಸನ ಪುಣಿಸಮಯ್ಯನದು. ಅವನು ಹೊಯ್ಸಳ ವಿಷ್ಣುವರ್ಧನನ ಸಂಧಿವಿಗ್ರಹಿ, ದಂಡನಾಯಕ, ಜೈನ. ಅವನ ಸಾಹಸಗಳ ಪಟ್ಟಿಯಲ್ಲಿ ತೋಡರನ್ನು ಬೆದರಿಸಿದ, ಕೊಂಗರನ್ನು ಓಡಿಸಿದ, ನೀಲಾದ್ರಿಯನ್ನು ಹಿಡಿದು ಅದರ ಶಿಖರವನ್ನು ಜಯಲಕ್ಷ್ಮಿಗೆ ಒಪ್ಪಿಸಿದ ಎಂಬ ಮಾತು ಬರುತ್ತದೆ. ಇಂದಿಗೂ ನೀಲಗಿರಿಯಲ್ಲಿ ಬದುಕಿರುವ ತೋಡರ ಹೆಸರು ಮೊದಲು ಬರಹಕ್ಕೆ ಸಿಕ್ಕಿದ್ದು ಇಲ್ಲಿಯೇ ಎನ್ನುತ್ತಾರೆ ವಿದ್ವಾಂಸರು. ತಮ್ಮದೇ ಲಿಪಿ ಇಲ್ಲದ ಒಂದು ಜನ ಚರಿತ್ರೆಗೆ ಪ್ರವೇಶ ಪಡೆದದ್ದು ಹೆದರಿದವರಾಗಿ. ಹೆದರಿದರೋ ಇಲ್ಲವೋ, ಅವರನ್ನು ಕೇಳಿ ಬರೆದದ್ದಲ್ಲ.

ಆ ಹೊತ್ತಿಗೆ ವಿಷ್ಣುವರ್ಧನ ಕಾಗದದ ಮೇಲೆ, ಅಂದರೆ ಕಲ್ಲಿನ ಮೇಲೆ, ಕಲ್ಯಾಣದ ಮಾಂಡಲಿಕ. ತ್ರಿಭುವನಮಲ್ಲ ಎಂಬುದು ವಿಕ್ರಮಾದಿತ್ಯನ ಬಿರುದು, ಅದನ್ನೇ ತನ್ನ ಹೆಸರಿನ ಮುಂದೆ ಹಚ್ಚಿಕೊಂಡಿದ್ದ. ಹಾಗಾದರೆ ನೀಲಗಿರಿಯ ಶಿಖರವೂ ಕಲ್ಯಾಣದ ನಕ್ಷೆಯೊಳಗೇ ಬಂತೇ? ಮಾಂಡಲಿಕನ ದಂಡನಾಯಕ ಗೆದ್ದ ಬೆಟ್ಟ ಚಕ್ರವರ್ತಿಗೆ ಸೇರುತ್ತದೆಯೇ? ನನ್ನ ಪ್ರಬಂಧದ ಒಂದು ಅಧ್ಯಾಯ ಈ ಪ್ರಶ್ನೆಯ ಮೇಲೆ ನಿಂತಿದೆ. ‘ಶಾಸನ ಓದಿದ್ದೀಯ, ಬೆಟ್ಟ ನೋಡಿದ್ದೀಯಾ?’ ಎಂದು ಮಾರ್ಗದರ್ಶಕರು ಒಮ್ಮೆ ಕೇಳಿದ್ದರು. ನೋಡುವುದಕ್ಕೆ ಬಸ್ಸಿದೆ. ನಾನು ಆರಿಸಿಕೊಂಡದ್ದು ಸೈಕಲ್.

ಸೈಕಲ್ ನಮ್ಮ ಕಡೆ ಹೊಸದಲ್ಲ. ತೊಗರಿ ಹೊಲಗಳ ನಡುವಿನ ಕರಿಮಣ್ಣಿನ ದಾರಿಯಲ್ಲಿ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದ ಅಪ್ಪ ದಿನಾ ಎರಡು ಹೊತ್ತು ತುಳಿಯುತ್ತಿದ್ದದ್ದು ಅದನ್ನೇ. ಹೊಸದೆಂದರೆ ‘ಬ್ರೆವೆ’. ಪ್ಯಾರಿಸಿನಿಂದ ಬ್ರೆಸ್ಟ್ ಎಂಬ ಕಡಲೂರಿಗೆ ಹೋಗಿ ಮರಳುವ ಸುಮಾರು 1,200 ಕಿಲೋಮೀಟರಿನ ಸೈಕಲ್ ಸವಾರಿ ಮೊದಲು ನಡೆದದ್ದು 1891ರಲ್ಲಿ. ಅದರ ಬೆನ್ನಿಗೆ ಫ್ರಾನ್ಸಿನಲ್ಲಿ ಬೆಳೆದ ಕ್ರಮ ಈಗ ಲೋಕವೆಲ್ಲ ಹರಡಿದೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ ಇಪ್ಪತ್ತು, 400ಕ್ಕೆ ಇಪ್ಪತ್ತೇಳು, 600ಕ್ಕೆ ನಲವತ್ತು. ಯಾರು ಮೊದಲು ಬಂದರು ಎಂದು ಯಾರೂ ಕೇಳುವುದಿಲ್ಲ, ಬಹುಮಾನ ಇಲ್ಲ. ಹೊತ್ತಿನೊಳಗೆ ಮುಗಿಸಬೇಕು, ದಾರಿಯಲ್ಲಿ ಗೊತ್ತುಮಾಡಿದ ಠಾಣೆಗಳಲ್ಲಿ ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳಬೇಕು, ಅಷ್ಟೆ. ಬ್ರೆವೆ ಎಂದರೆ ಪ್ರಮಾಣಪತ್ರ. ಶಾಸನ ಓದುವವನಿಗೆ ಇದು ಬೇಗ ಹಿಡಿಸಿತು. ಇಂಥವನು ಇಂಥ ಹೊತ್ತಿಗೆ ಇಲ್ಲಿಗೆ ಬಂದಿದ್ದ ಎನ್ನುವುದಕ್ಕೆ ಒಂದು ಗುರುತು.

ಕರ್ನಾಟಕದ ಸವಾರರಿಗೆ ಬೆಟ್ಟವೆಂದರೆ ನೀಲಗಿರಿ. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಮೈಸೂರು, ಬೆಂಗಳೂರು ಕಡೆಯಿಂದ ಹೊರಟು ದಿನಗಟ್ಟಲೆ ಈ ಬೆಟ್ಟಸಾಲನ್ನು ಸುತ್ತುತ್ತದೆ. ಅದರಲ್ಲಿ ಎಲ್ಲರೂ ಕಾಯುವುದು, ಎಲ್ಲರೂ ಅಂಜುವುದು ಕಲ್ಹಟ್ಟಿ ಏರಿಗೆ. ಸಂಶೋಧನಾ ವೇತನದಲ್ಲಿ ಬದುಕುವವನಿಗೆ ಅದು ದುಬಾರಿ. ಒಂದೇ ದಿನದ ಬ್ರೆವೆ ಕೈಗೆಟಕುವಂಥದ್ದು. ನಾನು ಹೆಸರು ಕೊಟ್ಟದ್ದು ಮೈಸೂರಿನಿಂದ ಮಸಿನಗುಡಿಯ ಮೂಲಕ ಊಟಿಗೆ ಏರಿ, ಗೂಡಲೂರಿನ ಕಡೆಯಿಂದ ಇಳಿದು ಮರಳುವ ಮುನ್ನೂರರ ಸವಾರಿಗೆ. ಹಿಂದಿನ ದಿನ ಚಾಮರಾಜನಗರಕ್ಕೆ ಹೋಗಿ ಪುಣಿಸನ ಬಸದಿಯನ್ನು ನೋಡಿಕೊಂಡು ಬಂದಿದ್ದೆ.

ನಸುಕಿನ ನಾಲ್ಕಕ್ಕೆ ಹೊರಟೆವು. ನಂಜನಗೂಡು ಕಳೆದು ಗುಂಡ್ಲುಪೇಟೆ ಮುಟ್ಟುವ ತನಕ ದಾರಿ ಸೌಮ್ಯ. ನಮ್ಮ ಬೀದರಿನ ಎರೆನೆಲದ ಹಾಗೆ ಉಬ್ಬುತ್ತದೆ, ತಗ್ಗುತ್ತದೆ, ಉಸಿರು ಕೇಳುವುದಿಲ್ಲ. ಬಸವಕಲ್ಯಾಣ ಸಮುದ್ರಮಟ್ಟದಿಂದ ಸುಮಾರು 620 ಮೀಟರ್ ಎತ್ತರದಲ್ಲಿದೆ, ಗುಂಡ್ಲುಪೇಟೆ ಅದಕ್ಕಿಂತ ಇನ್ನೂರು ಮೀಟರಿನಷ್ಟೇ ಮೇಲೆ. ಕಲ್ಯಾಣದಿಂದ ಇಲ್ಲಿಯವರೆಗೂ ಒಂದು ಸೈನ್ಯ ಹೊಳೆಗಳನ್ನು ಬಿಟ್ಟರೆ ಬೇರೆ ದೊಡ್ಡ ಅಡ್ಡಿಯಿಲ್ಲದೆ ಬರಬಹುದಾಗಿತ್ತು. ಬಯಲಿನ ರಾಜ್ಯಕ್ಕೆ ಬಯಲು ಮುಗಿಯುವವರೆಗೆ ಕಷ್ಟವಿಲ್ಲ.

ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ. ನಮ್ಮ ವೇಳಾಪಟ್ಟಿಯನ್ನು ಗೊತ್ತುಮಾಡಿದ್ದು ಆ ಗೇಟೇ. ಕಾಡು ದಾಟಿ, ತೆಪ್ಪಕಾಡಿನಲ್ಲಿ ಎಡಕ್ಕೆ ಹೊರಳಿ ಮಸಿನಗುಡಿಗೆ ಬಂದರೆ ಎದುರಿಗೆ ಬೆಟ್ಟ ಗೋಡೆಯ ಹಾಗೆ ನಿಂತಿರುತ್ತದೆ. ಇಳಿಜಾರು ಅಲ್ಲ, ತಪ್ಪಲು ಅಲ್ಲ, ಗೋಡೆ. ದೂರದಿಂದ ನೋಡಿದರೆ ಅದರ ಹೆಸರಿನಂತೆಯೇ ನೀಲಿ. ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರಿನಲ್ಲಿ ಮೂವತ್ತಾರು ಹಿಮ್ಮುರಿ ತಿರುವುಗಳು, ಒಂದು ಸಾವಿರ ಮೀಟರಿಗೂ ಮಿಗಿಲಾದ ಏರು. ಪ್ರತಿ ತಿರುವಿಗೂ ಒಂದು ಫಲಕ, ಫಲಕದ ಮೇಲೆ ಅಂಕಿ.

ನಾಲ್ಕನೆಯ ತಿರುವಿಗೆ ಸೈಕಲ್ಲಿನ ಎಲ್ಲಕ್ಕಿಂತ ಹಗುರ ಗಿಯರ್ ಮುಗಿಯಿತು. ಹನ್ನೊಂದನೆಯದಕ್ಕೆ ಮಾತು ಮುಗಿಯಿತು. ಇಪ್ಪತ್ತರ ಆಸುಪಾಸು ನನ್ನ ವೇಗ ಗಂಟೆಗೆ ಐದು ಕಿಲೋಮೀಟರ್, ಅಂದರೆ ನಡೆಯುವವನ ವೇಗ. ಇಬ್ಬರು ಇಳಿದು ತಳ್ಳುತ್ತಿದ್ದರು, ಅವರೂ ನಾನೂ ಜೊತೆಯಲ್ಲೇ ಇದ್ದೆವು. ಆಗ ನನ್ನ ತಲೆಯಲ್ಲಿದ್ದದ್ದು ಹೇರೆತ್ತು. ಬಯಲಿನಲ್ಲಿ ನಾಲ್ಕು ಗಂಟೆಯಲ್ಲಿ ಎಂಬತ್ತು ಕಿಲೋಮೀಟರ್ ಬಂದವನು ಇಲ್ಲಿ ಹನ್ನೆರಡು ಕಿಲೋಮೀಟರಿಗೆ ಎರಡೂವರೆ ಗಂಟೆ ತೆಗೆದುಕೊಳ್ಳುತ್ತಿದ್ದೇನೆ. ನನ್ನ ಬೆನ್ನ ಮೇಲೆ ಎರಡು ಬಾಟಲಿ ನೀರಿನಷ್ಟು ಭಾರ, ಕಾಲ ಕೆಳಗೆ ಡಾಂಬರು. ಪುಣಿಸನ ದಂಡಿಗೆ ಅಕ್ಕಿ, ಮೇವು, ಆಯುಧ, ಹೊರುವ ಪ್ರಾಣಿಗಳು, ಕಾಲ ಕೆಳಗೆ ಕಾಡು. ಕೆಳಗಿನ ಬಯಲಿನಲ್ಲಿ ಜ್ವರ. ಮೇಲೆ ಮಂಜು, ಚಳಿ. ಹೋಗಿ ಬರಬಹುದು. ಇರಲು ಆಗುತ್ತದೆಯೇ?

ಶಾಸನಗಳು ಇದಕ್ಕೆ ಉತ್ತರ ಕೊಡುತ್ತವೆ, ಆದರೆ ಅವನ್ನು ಒಂದೊಂದಾಗಿ ಅಲ್ಲ, ಸಾಲಾಗಿಟ್ಟು ಓದಬೇಕು. ಸುಮಾರು ಇನ್ನೂರು ವರ್ಷದ ನಂತರ, ಮುಮ್ಮಡಿ ಬಲ್ಲಾಳನ ಕಾಲದಲ್ಲಿ, ಗುಂಡ್ಲುಪೇಟೆಯ ಪಕ್ಕದ ತೆರಕಣಾಂಬಿಯಿಂದ ಆಳುತ್ತಿದ್ದ ಮಾಧವ ದಣ್ಣಾಯಕನಿಗೆ ನೀಲಗಿರಿಯನ್ನು ಅಡಗಿಸಿದವನು ಎಂಬರ್ಥದ ಬಿರುದಿದೆ. ಪುಣಿಸ ನಿಜವಾಗಿ ಹಿಡಿದಿಟ್ಟುಕೊಂಡಿದ್ದರೆ ಮಾಧವನಿಗೆ ಅಡಗಿಸುವ ಕೆಲಸವೇ ಇರುತ್ತಿರಲಿಲ್ಲ. ಒಂದು ಬೆಟ್ಟವನ್ನು ಎರಡು ಸಲ ಗೆದ್ದೆವೆಂದು ಬರೆಯಬೇಕಾಗಿ ಬಂದರೆ ಮೊದಲನೆಯ ಗೆಲುವು ಒಂದು ದಾಳಿ, ಆಳ್ವಿಕೆಯಲ್ಲ. ಈ ಇಬ್ಬರೂ ದಣ್ಣಾಯಕರು ಬರೆಸಿದ್ದು ಬೆಟ್ಟದ ಮೇಲೆ ಕೂತಲ್ಲ, ಬುಡದಲ್ಲಿ ಕೂತು. ಅರಿಕುಠಾರ, ತೆರಕಣಾಂಬಿ ಎರಡೂ ಬಯಲಿನ ಊರು.

ಕಲ್ಯಾಣದ ಕಡೆಯಿಂದ ನೋಡಿದರೆ ಬಣ್ಣ ಇನ್ನೂ ಬೇಗ ಕದಡುತ್ತದೆ. ಪುಣಿಸನ ಶಾಸನದ ಆಸುಪಾಸಿನಲ್ಲೇ ವಿಷ್ಣುವರ್ಧನನಿಗೂ ವಿಕ್ರಮಾದಿತ್ಯನಿಗೂ ಕೆಟ್ಟಿತು. ಕಲ್ಯಾಣದಿಂದ ಬಂದ ಸೈನ್ಯ, ಅದರ ಜೊತೆ ಹನ್ನೆರಡು ಸಾಮಂತರು, ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದಾಗ ಹೊಯ್ಸಳರ ಗಂಗರಾಜ ರಾತ್ರಿ ಹೊತ್ತು ಮೇಲೆ ಬಿದ್ದು ಚದುರಿಸಿದ. 1118ರ ಶ್ರವಣಬೆಳಗೊಳದ ಶಾಸನ ಇದನ್ನು ಹೇಳುತ್ತದೆ. ಚಕ್ರವರ್ತಿ ಆಮೇಲೆ ಸಿಂದರ ಆಚುಗಿಯಂಥ ನಿಷ್ಠರನ್ನು ಕಳಿಸಿ ಹೊಯ್ಸಳರನ್ನು ತಗ್ಗಿಸಿದ, ವಿಷ್ಣುವರ್ಧನ ಮತ್ತೆ ಮಾಂಡಲಿಕನ ಬಿರುದಿಗೆ ಮರಳಿದ. ನಕ್ಷೆಯಲ್ಲಿ ಮಾತ್ರ ಈ ಅವಧಿಯುದ್ದಕ್ಕೂ ಒಂದೇ ಬಣ್ಣ. ಜಲಸಂಗಿಯ ಹೆಣ್ಣು ಏಳು ದ್ವೀಪ ಬರೆದಿದ್ದಾಳೆ. ದಕ್ಷಿಣದ ಒಂದು ಸಾಮಂತ ಮನೆತನವನ್ನು ಹಿಡಿದಿಟ್ಟುಕೊಳ್ಳಲು ಅವಳ ದೊರೆ ಹೆಣಗುತ್ತಿದ್ದ.

ಇಷ್ಟಕ್ಕೇ ನಿಂತರೆ ಪುಣಿಸನಿಗೆ ಅನ್ಯಾಯವಾಗುತ್ತದೆ. ಅದೇ ಶಾಸನದಲ್ಲಿ ಇನ್ನೊಂದು ಪಟ್ಟಿ ಇದೆ. ಬಂಡವಾಳ ಕಳೆದುಕೊಂಡ ವ್ಯಾಪಾರಿ, ಬಿತ್ತಲು ಬೀಜವಿಲ್ಲದ ಒಕ್ಕಲಿಗ, ಅಧಿಕಾರ ಹೋದ ಕಿರಾತ ನಾಯಕ, ಕೆಲಸವಿಲ್ಲದ ಆಳು, ಇವರೆಲ್ಲ ಕಳೆದುಕೊಂಡದ್ದನ್ನು ಅವನು ಕೊಟ್ಟ ಎನ್ನುತ್ತದೆ. ಹೊಗಳಿಕೆಯನ್ನು ಕಳೆದರೂ ಉಳಿಯುವ ಸಂಗತಿ ಒಂದಿದೆ. ಯುದ್ಧ ಮುಗಿದ ಗಡಿನಾಡಿನಲ್ಲಿ ಬೀಜವಿಲ್ಲದ ಹೊಲಗಳಿದ್ದವು. ಶಿಖರ ಜಯಲಕ್ಷ್ಮಿಗೆ ಹೋಯಿತೆಂಬ ಸಾಲಿನ ಜೊತೆಯಲ್ಲೇ ಬುಡದಲ್ಲಿ ಯಾರು ಏನು ಕಳೆದುಕೊಂಡರು ಎಂಬ ಲೆಕ್ಕವೂ ಕಲ್ಲಿನೊಳಗೆ ಬಂದಿದೆ. ನಾವು ಪಠ್ಯಕ್ಕೆ ಎತ್ತಿಕೊಂಡದ್ದು ಮೊದಲ ಸಾಲನ್ನು.

ಮೂವತ್ತಾರನೆಯ ತಿರುವು ಮುಗಿದು ತಲೈಕುಂದಾದ ಹತ್ತಿರ ದಾರಿ ಸಪಾಟಾದಾಗ ಒಂದು ಚಹಾದಂಗಡಿಯಲ್ಲಿ ಕೂತೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಎಲ್ಲಿಂದ ಬಂದದ್ದೆಂದು ಕೇಳಿದರು. ಅವರು ಆಡುತ್ತಿದ್ದದ್ದು ಬಡಗ. ಕಿವಿಗೆ ಮೊದಲು ಬೇರೆ ಭಾಷೆಯೆನ್ನಿಸಿ, ಎರಡನೆಯ ವಾಕ್ಯಕ್ಕೆ ಅಜ್ಜಿಯ ಕಾಲದ ಕನ್ನಡದಂತೆ ಒಳಗೆ ಇಳಿಯುವ ಮಾತು. ಬಡಗ ಎಂದರೆ ಉತ್ತರ, ಬಡಗರು ಎಂದರೆ ಉತ್ತರದಿಂದ ಬಂದವರು. ಅವರು ಊರಿಗೆ ‘ಹಟ್ಟಿ’ ಎನ್ನುತ್ತಾರೆ. ಕಾಲು ಸೋಲಿಸಿದ ಈ ಏರಿನ ಹೆಸರಿನಲ್ಲೂ ಹಟ್ಟಿ ಇದೆ. 2,637 ಮೀಟರಿನ ಅತಿ ಎತ್ತರದ ಶಿಖರಕ್ಕೆ ದೊಡ್ಡಬೆಟ್ಟ ಎಂದೇ ಹೆಸರು. ನಮ್ಮ ಭಾಷೆ ಇಲ್ಲಿಗೆ ಬಂದದ್ದು ಯಾವ ದಣ್ಣಾಯಕನ ಬೆನ್ನು ಹತ್ತಿ?

ಯಾರ ಬೆನ್ನೂ ಹತ್ತಿ ಅಲ್ಲ. ಬಡಗರ ನೆನಪಿನ ಪ್ರಕಾರ ಅವರ ಹಿರಿಯರು ಮೈಸೂರು ಬಯಲಿನಿಂದ ಕಷ್ಟಕಾಲದಲ್ಲಿ ತಪ್ಪಿಸಿಕೊಂಡು ಬೆಟ್ಟ ಹತ್ತಿದವರು. 1565ರಲ್ಲಿ ವಿಜಯನಗರ ಬಿದ್ದ ಮೇಲಿನ ಗೊಂದಲಕ್ಕೂ ಈ ವಲಸೆಗೂ ನಂಟು ಹೇಳುವವರಿದ್ದಾರೆ. 1603ರಲ್ಲಿ ಕಲ್ಲಿಕೋಟೆಯ ಕಡೆಯಿಂದ ಬೆಟ್ಟಕ್ಕೆ ಬಂದ ಫೆನಿಚಿಯೊ ಎಂಬ ಪಾದ್ರಿ ಇಲ್ಲಿ ತೋಡರನ್ನೂ ಬಡಗರನ್ನೂ ಕಂಡು ಬರೆದಿಟ್ಟಿದ್ದಾನೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ಬಂದು ಊಟಿಯನ್ನು ‘ಕಂಡುಹಿಡಿಯುವ’ ಹೊತ್ತಿಗೆ ಅವರು ತಲೆಮಾರುಗಳಿಂದ ರಾಗಿ, ಸಾಮೆ ಬೆಳೆಯುತ್ತಿದ್ದರು. ತೋಡರ ಎಮ್ಮೆಯ ತುಪ್ಪ, ಕೋತರ ಕಬ್ಬಿಣ, ಬಡಗರ ಧಾನ್ಯ, ಹೀಗೆ ಕೊಟ್ಟು ತೆಗೆದುಕೊಳ್ಳುವ ಒಂದು ಬದುಕು ಅಲ್ಲಿ ಕಟ್ಟಿಕೊಂಡಿತ್ತು.

ಬಡಗರಲ್ಲಿ ಒಡೆಯರು ಎಂಬ ಗುಂಪಿದೆ. ಅವರು ಲಿಂಗಾಯತರು. ಇನ್ನೂ ಕೆಲವು ಕುಲಗಳಲ್ಲಿ ಲಿಂಗ ಕಟ್ಟುವ ರೂಢಿಯಿದೆ. ಚಹಾದಂಗಡಿಯ ಹಿರಿಯರ ಕೊರಳಲ್ಲೂ ಅಂಗಿಯ ಒಳಗೆ ಒಂದು ದಾರ ಕಾಣುತ್ತಿತ್ತು. ಬೀದರ್ ಅಂದಾಗ ತಿಳಿಯಲಿಲ್ಲ. ಬಸವಣ್ಣನ ಕಲ್ಯಾಣದ ಪಕ್ಕ ಅಂದಾಗ ಕೈಯನ್ನು ಎದೆಗೆ ಒತ್ತಿಕೊಂಡರು. ಚಹಾದ ದುಡ್ಡು ಕೊಡಲು ಬಿಡಲಿಲ್ಲ.

ನನ್ನ ಅಧ್ಯಾಯಕ್ಕೆ ಬೇಕಾದ ತಿರುವು ಇಲ್ಲಿದೆ. ಕಲ್ಯಾಣದ ಚಕ್ರವರ್ತಿಯ ಆಜ್ಞೆ ಈ ಬೆಟ್ಟಕ್ಕೆ ಬಂದಿತ್ತೆನ್ನಲು ಒಂದು ಸಾಲು ಪುರಾವೆಯಿಲ್ಲ. ಬಂದದ್ದು ಅವನ ಮಾಂಡಲಿಕನ ದಂಡನಾಯಕ, ಅವನೂ ನಿಲ್ಲಲಿಲ್ಲ. ಆದರೆ ವಿಕ್ರಮಾದಿತ್ಯ ಸತ್ತು ನಾಲ್ಕೇ ದಶಕದಲ್ಲಿ, ಬಿಜ್ಜಳನ ಕಾಲಕ್ಕೆ, ಅದೇ ಕಲ್ಯಾಣದಲ್ಲಿ ಶರಣರು ಕಟ್ಟಿದ್ದು, ಅಲ್ಲಿ ರಕ್ತ ಹರಿದು ಅವರು ಉಳವಿಗೆ, ಶ್ರೀಶೈಲಕ್ಕೆ, ಸಿಕ್ಕ ದಿಕ್ಕಿಗೆ ಚದುರಿದ ಮೇಲೂ ಅಳಿಯಲಿಲ್ಲ. ನೂರಾರು ವರ್ಷ ಕೈಯಿಂದ ಕೈಗೆ ದಾಟಿ, ಬರಗಾಲಕ್ಕೋ ದಂಡಿಗೋ ಹೆದರಿ ಓಡಿದ ಒಕ್ಕಲು ಮಕ್ಕಳ ಕೊರಳಿನಲ್ಲಿ ಈ ಏರನ್ನು ಹತ್ತಿತು. ಅಂಗೈಯಲ್ಲಿ ಹಿಡಿಯುವಷ್ಟು ಭಾರ. ಹೇರೆತ್ತು ಬೇಡ, ಸುಂಕವಿಲ್ಲ. ಏರಿದವರು ಇಳಿಯಲಿಲ್ಲ.

ದೂರದಿಂದ ಕಲ್ಯಾಣಕ್ಕೆ ಬಂದವರ ಕಥೆಯೂ ಇದೇ ಬಗೆಯದು. ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣ ಕಾಶ್ಮೀರದವನು. ತನ್ನ ಕಾವ್ಯದ ಕೊನೆಯ ಸರ್ಗದಲ್ಲಿ ಹುಟ್ಟೂರನ್ನೂ, ಮಥುರೆ, ಕನೌಜು, ಪ್ರಯಾಗ, ಕಾಶಿ, ಸೋಮನಾಥ ಎಂದು ತಾನು ಅಲೆದ ದಾರಿಯನ್ನೂ ಹೇಳಿಕೊಂಡಿದ್ದಾನೆ. ಶರಣರ ಪರಂಪರೆಯಲ್ಲಿ ಮೋಳಿಗೆ ಮಾರಯ್ಯನೂ ಕಾಶ್ಮೀರದವನೇ. ಅರಸೊತ್ತಿಗೆ ಬಿಟ್ಟು ರಾಣಿಯ ಜೊತೆ ಬಂದು ಕಟ್ಟಿಗೆ ಹೊತ್ತು ಮಾರಿ ಬದುಕಿದ ಎಂದು ಪುರಾಣಗಳು ಹೇಳುತ್ತವೆ. ಅವನ ಹೆಸರಿನ ಗವಿಯಿರುವ ಮೋಳಕೇರಾ ನಮ್ಮ ಹುಮನಾಬಾದ್ ತಾಲ್ಲೂಕಿನದೇ. ಒಬ್ಬನದು ಕಾವ್ಯದ ಸಾಕ್ಷಿ, ಇನ್ನೊಬ್ಬನದು ಭಕ್ತರ ನೆನಪು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಹಿಮದ ಕಣಿವೆಯಿಂದ ನಮ್ಮ ಕರಿಮಣ್ಣಿನವರೆಗಿನ ದಾರಿಯನ್ನು ನಮ್ಮ ಜನ ನೆನಪಿಟ್ಟದ್ದು ಒಬ್ಬ ಕವಿಯ ಮೂಲಕ ಮತ್ತು ಒಬ್ಬ ಕಟ್ಟಿಗೆ ಹೊರುವವನ ಮೂಲಕ.

ಗೂಡಲೂರಿನ ಇಳಿಜಾರು ಇಳಿದು, ಒಂಬತ್ತಕ್ಕೆ ಮುಂಚೆ ಕಾಡಿನ ಗೇಟು ದಾಟಿ, ರಾತ್ರಿ ಹನ್ನೊಂದರ ಮೇಲೆ ಮೈಸೂರು ಸೇರಿದೆ. ಹತ್ತೊಂಬತ್ತು ಗಂಟೆ ಹತ್ತು ನಿಮಿಷ. ಕಾರ್ಡಿನ ಮೇಲೆ ಮುದ್ರೆಗಳು ಸಾಲಾಗಿ ಬಿದ್ದಿದ್ದವು. ಜೊತೆಯ ಹುಡುಗನೊಬ್ಬ ಊಟಿಯನ್ನು ಗೆದ್ದೆವು ಎಂದು ಫೋನಿನಲ್ಲಿ ಹೇಳುತ್ತಿದ್ದ. ಖುಷಿಯ ಮಾತು, ತಪ್ಪೇನಿಲ್ಲ. ಪುಣಿಸನ ಶಾಸನಕಾರನೂ ಬಹುಶಃ ಅಂಥದೇ ಖುಷಿಯಲ್ಲಿ ಬರೆದಿರಬಹುದು. ನನ್ನ ಕಾರ್ಡು ಹೇಳುವುದು ಇಷ್ಟೇ: ಇವನು ಇಂದು ಮಧ್ಯಾಹ್ನ ಮೇಲೆ ಇದ್ದ, ರಾತ್ರಿ ಕೆಳಗೆ ಇದ್ದ.

ಅಧ್ಯಾಯದ ಜೊತೆ ಒಂದು ನಕ್ಷೆ ಕೊಡಬೇಕು. ಅದಕ್ಕೆ ಬಣ್ಣ ತುಂಬುವುದನ್ನು ಬಿಟ್ಟಿದ್ದೇನೆ. ಕಲ್ಯಾಣದಿಂದ ಹೊರಡುವ ದಾರಿಗಳನ್ನು ಗೆರೆ ಎಳೆದು, ಪ್ರತಿ ಗೆರೆಯ ಮೇಲೆ ಕಿಲೋಮೀಟರಿನ ಬದಲು ಹೇರೆತ್ತಿನ ದಿನಗಳನ್ನು ಬರೆಯುತ್ತಿದ್ದೇನೆ. ಹೊಳೆ ಬಂದಲ್ಲಿ ಗೆರೆ ತುಂಡಾಗುತ್ತದೆ, ಏರು ಬಂದಲ್ಲಿ ತೆಳುವಾಗುತ್ತದೆ. ಅರಿಕುಠಾರದಲ್ಲಿ ಗೆರೆ ನಿಲ್ಲುತ್ತದೆ. ಅದರಿಂದಾಚೆಗೆ, ಬೆಟ್ಟದ ಮೇಲಕ್ಕೆ, ಬೇರೆ ಶಾಯಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಇನ್ನೊಂದು ದಾರಿ ಹಾಕಿದ್ದೇನೆ. ಅದನ್ನು ಯಾವ ರಾಜನ ಹೆಸರಿಗೂ ಬರೆದಿಲ್ಲ.